ಕೀಲಿಕೈಗೆ ಹೆಸರಿಟ್ಟದ್ದು

ಕಾಶಿನಾಥನಿಗೆ ಕಂಪ್ಯೂಟರಿನ ಮುಂದೆ ಕೂತರೆ ಕೈ ಓಡುತ್ತದೆ, ಮನುಷ್ಯರ ಮುಂದೆ ನಿಂತರೆ ಬಾಯಿ ಓಡಿಹೋಗುತ್ತದೆ. ಇದು ನನ್ನ ಮಾತಲ್ಲ, ಅವನನ್ನು ಹೆತ್ತ ತಾಯಿಯೇ ಹೇಳಿದ್ದು. ನಾನು ಅಪ್ಪಣ್ಣ, ಗೋಕಾಕದ ನಮ್ಮ ಸೊಸೈಟಿಯಲ್ಲಿ ಇಪ್ಪತ್ತಾರು ವರ್ಷದಿಂದ ಕ್ಯಾಶಿಯರ್. ಕಾಶಿನಾಥನ ಟೇಬಲ್ಲು ನನ್ನ ಬಾಜೂಕಿದೆ. ಹೀಗಾಗಿ ಮುಂದೆ ಹೇಳುವುದನ್ನೆಲ್ಲ ನಾನು ಕಣ್ಣಾರೆ ಕಂಡಿದ್ದೇನೆ. ನಾನು ಕಾಣದೆ ಬಿಟ್ಟದ್ದನ್ನು ನಮ್ಮಲ್ಲಿ ಕಸ ಹೊಡೆದು ಚಹಾ ಕಾಸುವ ರಾಮವ್ವ ಕಂಡಿದ್ದಾಳೆ, ಆಕೆಯ ಕಣ್ಣು ನನ್ನದಕ್ಕಿಂತ ಚುರುಕು.

ನಮ್ಮ ಸೊಸೈಟಿಗೆ ಗೋಕಾಕದಲ್ಲಿ ಮುಖ್ಯ ಕಚೇರಿ, ಮೂಡಲಗಿ ಮತ್ತು ಹುಕ್ಕೇರಿಯಲ್ಲಿ ಒಂದೊಂದು ಶಾಖೆ. ಆ ಎರಡು ಊರಿನ ಕಂಪ್ಯೂಟರುಗಳು ಗೋಕಾಕದ ಕಂಪ್ಯೂಟರಿನ ಸಂಗಡ ಯಾರಿಗೂ ಕೇಳಿಸದ ಹಾಗೆ ಮಾತಾಡಬೇಕು. ಅದಕ್ಕೆ ಇಂಟರ್ನೆಟ್ಟಿನ ಒಳಗೇ ಗುಟ್ಟಿನ ದಾರಿ ಮಾಡಿಕೊಳ್ಳುತ್ತಾರೆ, ಅದಕ್ಕೆ ವಿಪಿಎನ್ ಅನ್ನುತ್ತಾರೆ. ದಾರಿ ಎರಡು, ಒಂದು ಮೂಡಲಗಿಗೆ, ಒಂದು ಹುಕ್ಕೇರಿಗೆ. ಪ್ರತಿ ದಾರಿಗೆ ಎರಡು ತುದಿ, ಪ್ರತಿ ತುದಿಗೆ ಒಂದು ಜೋಡಿ ಕೀಲಿಕೈ. ಜೋಡಿಯಲ್ಲಿ ಒಂದನ್ನು ಸತ್ತರೂ ಯಾರಿಗೂ ಹೇಳಬಾರದು, ಇನ್ನೊಂದನ್ನು ಎದುರಿನ ತುದಿಯವರಿಗೆ ಹೇಳಲೇಬೇಕು. ಕಾಶಿನಾಥ ಇಷ್ಟನ್ನು ನನಗೆ ಮೂರು ಸಲ ತಿಳಿಸಿ ಹೇಳಿದ್ದ. ಅವನ ಸ್ವಂತ ವಿಷಯದಲ್ಲಿ ಮಾತ್ರ ಹೇಳಬೇಕಾದದ್ದನ್ನೂ ಹೇಳದೆ ಎರಡು ವರ್ಷದಿಂದ ಕೂತಿದ್ದ.

ಅವನ ಸ್ವಂತ ವಿಷಯವೆಂದರೆ ಮೂಡಲಗಿ ಶಾಖೆಯ ದಾನೇಶ್ವರಿ. ಆಕೆ ಅಲ್ಲಿಯ ಕ್ಲಾರ್ಕು, ಬಿ.ಕಾಂ. ಓದಿದಾಕೆ. ಕಾಶಿನಾಥ ಆಕೆಯನ್ನು ನೋಡಿದ್ದು ಎರಡೇ ಸಲ, ಎರಡೂ ಸಲ ವಾರ್ಷಿಕ ಸಭೆಯಲ್ಲಿ. ಆದರೆ ದಿನಾಲೂ ಬೆಳಿಗ್ಗೆ ಒಂಬತ್ತೂವರೆಗೆ ದಾರಿ ಸರಿಯಾಗಿದೆಯೋ ಇಲ್ಲವೋ ನೋಡಲು ಮೂಡಲಗಿಗೆ ಫೋನು ಮಾಡುವುದು ಅವನ ಕೆಲಸ.

"ಲೈನ್ ಬಂತೇನ್ರಿ?"

"ಬಂತ್ರಿ."

ಮುಗಿಯಿತು. ಅವರ ಪ್ರೇಮವೆಲ್ಲ ಇಷ್ಟೇ. ಫೋನು ಇಟ್ಟ ಮೇಲೆ ಕಾಶಿನಾಥ ಕಿಟಕಿಯಿಂದ ಆಚೆಯ ಗುಡ್ಡ ನೋಡುತ್ತ ಕೂತುಬಿಡುತ್ತಿದ್ದ. ಗುಡ್ಡದ ಮೇಲೆ ಬಿಸಿಲು ನಿಧಾನ ಇಳಿಯುತ್ತಿತ್ತು, ಇವನ ಮುಖದ ಮೇಲೆ ನಗೆ ನಿಧಾನ ಏರುತ್ತಿತ್ತು. ಕೌಂಟರಿನಲ್ಲಿ ಪಾಸ್‌ಬುಕ್ ಹಿಡಿದು ನಿಂತವರು ಕೆಮ್ಮಿ ಕೆಮ್ಮಿ ಸಾಕಾಗಿ ನನ್ನ ಕಡೆ ಬರುತ್ತಿದ್ದರು. ಹೋದ ವರ್ಷ ಒಂದು ದಿನ ಆಕೆ, "ಬಂತ್ರಿ. ಇಲ್ಲೆ ಮಳೀನೂ ಬಂತ್ರಿ" ಅಂದಿದ್ದಳು. ಅವತ್ತು ಗೋಕಾಕದಲ್ಲಿ ಕಾದ ಹಂಚಿನಂಥ ಬಿಸಿಲು. ಕಾಶಿನಾಥ ಛತ್ರಿ ಬಿಚ್ಚಿಕೊಂಡು ಮನೆಗೆ ಹೋದ.

ಇಂಥವನ ಕೈಯಲ್ಲಿ ಕೀಲಿಕೈ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಒಂದೊಂದು ಕೀಲಿಕೈ ಅಂದರೆ ಇಂಗ್ಲಿಷಿನ ನಲವತ್ನಾಲ್ಕು ಅಕ್ಷರ, ಬೆಕ್ಕು ಕೀಬೋರ್ಡಿನ ಮೇಲೆ ನಡೆದುಹೋದಂತೆ ಕಾಣುತ್ತದೆ. ಒಂದಕ್ಕೂ ಇನ್ನೊಂದಕ್ಕೂ ಗುರುತು ಹತ್ತುವುದಿಲ್ಲ. ಹೋದ ತಿಂಗಳು ಹುಕ್ಕೇರಿಯದನ್ನು ಮೂಡಲಗಿಗೆ, ಮೂಡಲಗಿಯದನ್ನು ಹುಕ್ಕೇರಿಗೆ ಹಾಕಿಬಿಟ್ಟ. ಎರಡೂ ಶಾಖೆ ಅರ್ಧ ದಿನ ಕಣ್ಣು ಮುಚ್ಚಿದವು. ಹುಕ್ಕೇರಿ ಶಾಖೆಯ ಮುಖ್ಯಸ್ಥ ಬೀರಸಿದ್ದಪ್ಪನವರು ಫೋನಿನಲ್ಲಿ ಎಷ್ಟು ಜೋರು ಒದರಿದರೆಂದರೆ, ಫೋನು ಇಲ್ಲದಿದ್ದರೂ ನಮಗೆ ಕೇಳುತ್ತಿತ್ತು.

ಆ ಬೈಗುಳ ತಿಂದ ಮೇಲೆ ಕಾಶಿನಾಥ ಒಂದು ಉಪಾಯ ಹುಡುಕಿಕೊಂಡು ಬಂದ.

"ಕಾಕಾ, ಗುರ್ತ ಹತ್ತೋ ಕೀಲಿಕೈ ಮಾಡಾಕ ಬರ್ತೈತ್ರಿ. ಮಂದಿಗೆ ಹೇಳೂ ಕೀಲಿಕೈ ಮೊದಲಿಗೆ ಊರ ಹೆಸರ ಇರೂದು."

"ಹೆಸರ ನೀನ ಬರಿಯೂದೇನು?"

"ಬರ್ಯಾಕ ಬರೂದಿಲ್ರಿ. ಅದು ಹುಟ್ಟಿ ಬರಬೇಕು."

ಕಂಪ್ಯೂಟರು ಒಂದರ ಹಿಂದೊಂದು ಕೀಲಿಕೈ ಹುಟ್ಟಿಸುತ್ತ ಹೋಗುತ್ತದಂತೆ, ನಿಮಿಷಕ್ಕೆ ಮೂವತ್ತು ಲಕ್ಷ. ನಮಗೆ ಬೇಕಾದ ಅಕ್ಷರದಿಂದ ಸುರುವಾದದ್ದು ದೈವವಶಾತ್ ಬಿದ್ದರೆ ಇಟ್ಟುಕೊಳ್ಳುವುದು, ಉಳಿದದ್ದೆಲ್ಲ ಒಗೆಯುವುದು. ಗೋಕಾಕದ ಮೊದಲಿನ ಮೂರು ಅಕ್ಷರ ಹೊಡೆದ. ನಾನು ಚಹಾ ಊದಿ ಒಂದು ಗುಟುಕು ಕುಡಿಯುವುದರೊಳಗೆ ಬಂದೇಬಿಟ್ಟಿತು, ಜಿ, ಓ, ಕೆ, ಮುಂದೆ ನಲವತ್ತೊಂದು ಅಕ್ಷರದ ಕಸ.

"ಒಂದ ಅಕ್ಷರ ಹೆಚ್ಚ ಬೇಕಂದ್ರ ಅರವತ್ನಾಕ ಪಟ್ಟು ತಡಾ ಆಕ್ಕೈತ್ರಿ" ಅಂದ ಕಾಶಿನಾಥ. ನಾವು ಯಾರೂ ಆ ಮಾತಿಗೆ ಲಕ್ಷ್ಯ ಕೊಡಲಿಲ್ಲ.

ಚಹಾದ ಕಪ್ಪು ಒಯ್ಯಲು ಬಂದ ರಾಮವ್ವ ಬಗ್ಗಿ ನೋಡಿದಳು. "ಏನೋ ಯಪ್ಪಾ, ಕೀಲಿಕೈ ಮ್ಯಾಲೂ ಹೆಸರ ಕೊರೀತಾರೇನ? ಭಾಂಡೆ ಮ್ಯಾಲ ಕೊರದಂಗ?"

ಇಲ್ಲಿಂದಲೇ ಕೆಟ್ಟಿತು. ನಮ್ಮ ಕಡೆ ಮನೆಗೆ ಒಂದು ತಂಬಿಗೆ ಬಂದರೂ ಅದರ ಮೇಲೆ ಹೆಸರು ಕೊರೆಸದೆ ನೀರು ಕುಡಿಯುವುದಿಲ್ಲ. ಗುಡಿಗೆ ಫ್ಯಾನು ಕೊಟ್ಟವರು ಮೂರೂ ರೆಕ್ಕೆಯ ಮೇಲೆ ಅಜ್ಜ, ಅಪ್ಪ, ಮಗ ಅಂತ ಹೆಸರು ಬರೆಸುತ್ತಾರೆ, ಫ್ಯಾನು ತಿರುಗಿದರೆ ಹೆಸರು ಕಾಣುವುದಿಲ್ಲವೆಂದು ಬೇಸಿಗೆಯಲ್ಲೂ ಬಂದ್ ಇಡಿಸುತ್ತಾರೆ. ಹೆಸರು ಯಾರದೋ ಸಾಮಾನು ಅವರದು, ಇಲ್ಲವೆ ಅವರು ಕೊಟ್ಟದ್ದು. ಮೂರನೆಯ ಅರ್ಥ ನಮಗೆ ಗೊತ್ತಿಲ್ಲ.

ರಾಮವ್ವ ಹೊರಗೆ ಹೋಗಿ ಏನು ಹೇಳಿದಳೋ, ಹನ್ನೊಂದಕ್ಕೆ ಚೇರ್ಮನ್ ದುಂಡಪ್ಪನವರು ಬಂದರು. ಬಂದವರು ಕುರ್ಚಿಯಲ್ಲಿ ಕೂಡಲೂ ಇಲ್ಲ.

"ಏನಪಾ ಕಾಶಿನಾಥ, ಸೊಸೈಟಿ ಕೀಲಿಕೈ ಮ್ಯಾಲ ಹೆಸರ ಹಾಕಾಕತ್ತೀಯಂತ?"

"ಊರ ಹೆಸರ್ರಿ ಸಾಹೇಬ್ರ. ಬರೇ ಗುರ್ತಿಗೆ."

"ಊರ ಎಲ್ಲಿ ಓಡಿ ಹೊಕ್ಕೈತಿ? ಸೊಸೈಟಿ ಕಟ್ಟಿದವರ ಹೆಸರ ಹಾಕಬೇಕು. ನನ್ನದ ಹಾಕು. ತಂದಿ ಹೆಸರ, ಅಡ್ಡಹೆಸರ, ಪೂರ್ತಿ."

"ಪೂರ್ತಿ ಆಗೂದಿಲ್ರಿ. ಬರೇ ದುಂಡಪ್ಪ ಅಂದ್ರನ ಎಂಟ ಅಕ್ಷರ ಆಗ್ತಾವ್ರಿ."

"ಆಗಲಿ. ಎಷ್ಟ ದಿನಾ ಹಿಡೀತೈತಿ?"

ಕಾಶಿನಾಥ ಎಂಟು ಅಕ್ಷರ ಹೊಡೆದ. ಕಂಪ್ಯೂಟರು ತಾನೇ ಅಂದಾಜು ಹಾಕಿ ತೋರಿಸಿತು. ಅವನಿಗೆ ಅದನ್ನು ಓದಿ ಹೇಳಲು ನಾಲಿಗೆ ಬರಲಿಲ್ಲ, ನಾನೇ ಓದಿದೆ. "ನೂರಾ ಎಂಬತ್ತ ವರ್ಷ ಅಂತೈತ್ರಿ."

ಚೇರ್ಮನ್ನರು ಗದ್ದ ತುರಿಸಿಕೊಂಡರು. "ಯಾರ ಕಡಿಂದರ ಒಂದ ಮಾತ ಹೇಳಸೋಣೇನು?"

"ಯಾರ ಹೇಳಿದ್ರೂ ಕೇಳೂ ಪೈಕಿ ಅಲ್ರಿ ಅದು."

"ಇರಲಿ, ಸುರು ಮಾಡು. ಹಿಡಕಲ್ ಡ್ಯಾಮ ಏನ ಒಂದ ದಿನದಾಗ ಆತೇನು? ಕೆಲಸ ಸುರು ಆಗಿದ್ದು ಮಂದಿಗೆ ಕಾಣಬೇಕು."

ಸುರುವಾಯಿತು. ಕಾಶಿನಾಥನ ಸ್ಕ್ರೀನಿನ ಮೇಲೆ ಅಂಕಿಗಳು ಧಾರೆ ಕಡಿಯದೆ ಸುರಿಯತೊಡಗಿದವು. ಇಂಥ ನೋಟ ಗೋಕಾಕದಲ್ಲಿ ಫಾಲ್ಸ್ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ಕೆಲಸಕ್ಕೆ ಬಂದವರು ಕೆಲಸ ಮುಗಿದ ಮೇಲೂ ಬೆಂಚಿನ ಮೇಲೆ ಕೂತು ನೋಡಿದರು. ಮಧ್ಯಾಹ್ನದ ಹೊತ್ತು, ಹೊರಗೆ ಆಟೋಗಳ ಸದ್ದು ದೂರವಾಗುತ್ತಿತ್ತು, ಒಳಗೆ ಅಂಕಿಗಳು ಸುಮ್ಮನೆ ಹರಿಯುತ್ತಿದ್ದವು, ನೋಡುತ್ತ ನೋಡುತ್ತ ಎಲ್ಲರಿಗೂ ಜೊಂಪು ಹತ್ತಿತು. ನನಗೂ ಹತ್ತಿತು, ಸುಳ್ಳೇಕೆ ಹೇಳಲಿ. ಅಂಕಲಗಿಯಿಂದ ಬಂದ ಮುದುಕರೊಬ್ಬರು ಒಂದು ನಿದ್ದೆ ತೆಗೆದು ಎದ್ದು, "ಬಂತೇನ್ರಿ ಸಾಹೇಬ್ರ ಹೆಸರ?" ಅಂದರು. "ಇನ್ನೂ ಇಲ್ರಿ" ಅಂದೆ. "ಬರ್ತೈತಿ ತಗೋರಿ, ಗಡಿಬಿಡಿ ಏನ ಐತಿ" ಅಂತ ಹೇಳಿ ಮತ್ತೆ ಮಲಗಿದರು.

ಸಂಜೆಗೆ ಸುದ್ದಿ ಹುಕ್ಕೇರಿ ಮುಟ್ಟಿತು. ಬೀರಸಿದ್ದಪ್ಪನವರ ಫೋನು ಬಂತು.

"ಕೀಲಿಕೈ ಚೇರ್ಮನ್ನರ ಹೆಸರಿಗೆ ಅಂದ್ರ ಸೊಸೈಟಿನ ಅವರ ಹೆಸರಿಗೆ ಆದಂಗ! ಹುಕ್ಕೇರಿ ಮಂದಿ ಕಣ್ಣ ಮುಚಗೊಂಡ ಕುಂತಿಲ್ಲ. ನಮ್ಮ ತುದಿ ಕೀಲಿಕೈಗೆ ನನ್ನ ಹೆಸರ ಹಾಕು."

ಕಾಶಿನಾಥ ಬೀರಸಿದ್ದಪ್ಪ ಅಂತ ಪೂರ್ತಿ ಹೊಡೆದ. ಅಂದಾಜಿನ ಜಾಗದಲ್ಲಿ ಅಂಕಿ ಬಂತು, ಅದರ ಹಿಂದೆ ಸೊನ್ನೆ ಬಂದವು, ಬರುತ್ತಲೇ ಇದ್ದವು, ಸ್ಕ್ರೀನು ಸಾಲದೆ ಕೆಳಗಿನ ಸಾಲಿಗೆ ಇಳಿದವು.

"ಎಷ್ಟ ವರ್ಷಂತ?" ಅಂದರು ಬೀರಸಿದ್ದಪ್ಪನವರು.

"ಹೇಳಾಕ ಬರೂದಿಲ್ರಿ, ಅಷ್ಟ ಐತ್ರಿ."

"ಚೇರ್ಮನ್ನರದು?"

"ನೂರಾ ಎಂಬತ್ರಿ."

"ಇಷ್ಟನ?" ಅವರ ದನಿಯಲ್ಲಿ ಸಂತೋಷ ತುಂಬಿ ತುಳುಕಿತು. "ಹೆಸರ ಅಂದ್ರ ಹಿಂಗ ಇರಬೇಕ ನೋಡು!" ಮರುದಿನ ಹುಕ್ಕೇರಿಯ ಪೇಟೆಯಲ್ಲಿ ಬೀರಸಿದ್ದಪ್ಪನವರ ಹೆಸರಿನ ತೂಕ ಕಂಪ್ಯೂಟರಿಗೇ ತಡೆಯಲಿಲ್ಲ ಅಂತ ಮಾತಾಯಿತು.

ಈ ಗದ್ದಲದ ನಡುವೆ ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಕಾಶಿನಾಥ ಮೂಡಲಗಿಗೆ ಫೋನು ಮಾಡಿದ.

"ಲೈನ್ ಬಂತೇನ್ರಿ?"

"ಬಂತ್ರಿ." ದಾನೇಶ್ವರಿ ಮುಂದೆ ಹೇಳಿದಳು, "ಐತವಾರ ನಮ್ಮ ಮನಿಗೆ ಮಂದಿ ಬರಾಕತ್ತಾರ್ರಿ. ಸೋಮವಾರ ನಾ ರಜಾ ಹಾಕಿದ್ರೂ ಹಾಕಬೌದು."

"ಹಾಂ" ಅಂದ ಈ ಮಹಾಶಯ, ಮತ್ತು ಫೋನು ಇಟ್ಟ. ಯಾವ ಮಂದಿ, ಯಾಕೆ ಬರುತ್ತಾರೆ, ಒಂದು ಮಾತು ಕೇಳಬೇಕೋ ಬೇಡವೋ? ಮೂಡಲಗಿಯಲ್ಲಿ ರಾಮವ್ವನ ತಂಗಿಯ ಮನೆಯಿದೆ. ಮಧ್ಯಾಹ್ನಕ್ಕೆ ಅಲ್ಲಿಂದ ಪೂರ್ತಿ ವರದಿ ಬಂತು.

"ಆಕೀನ ನೋಡಾಕ ಬರಾಕತ್ತಾರ. ಹುಡಗ ಜಮಖಂಡಿ ಕಡ್ಯಾಂವ. ಮಾತುಕತಿ ಎಲ್ಲಾ ಆಗೇತಿ, ಐತವಾರ ಸಕ್ರಿ ಹಂಚಿ ಲಗ್ನ ಗಟ್ಟಿ ಮಾಡೂದ ಒಂದ ಬಾಕಿ" ಅಂದಳು ರಾಮವ್ವ, ಕಾಶಿನಾಥನ ಮುಖ ನೋಡುತ್ತ.

ಕಾಶಿನಾಥ ಗುಡ್ಡ ನೋಡಿದ. ಅವತ್ತು ಮುಖದ ಮೇಲೆ ನಗೆಯಿರಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು.

"ಲೇ, ಆಕಿ ಯಾಕ ನಿನಗ ಹೇಳಿದ್ಲು? ರಜಾ ಚೀಟಿ ನಿನಗ ಕೊಡೂದೇನು? ಫೋನ ಮಾಡು. ಮನಸಿನಾಗ ಇದ್ದದ್ದ ಹೇಳು."

"ಏನಂತ ಹೇಳ್ಲಿ ಕಾಕಾ?"

"ನೀ ನನಗ ಬೇಕು ಅನ್ನು. ಮೂರ ಮಾತು. ಸಾಕು."

ಫೋನು ಎತ್ತಿದ. ಆ ಕಡೆ ಆಕೆ ಎತ್ತಿದಳು. ನಾನು ನೋಟು ಎಣಿಸುವುದು ಬಿಟ್ಟು ಕಿವಿ ಕೊಟ್ಟೆ.

"ಲೈನ್ ಬಂತೇನ್ರಿ?" ಅಂದ ಕಾಶಿನಾಥ, ಮಧ್ಯಾಹ್ನ ಮೂರು ಗಂಟೆಗೆ.

"ಬೆಳಿಗ್ಗೇನ ಬಂತಲ್ರಿ?"

"ಹಾಂ. ಐತೇನ್ರಿ ಇನ್ನೂ?"

"ಐತ್ರಿ" ಅಂದಳು ದಾನೇಶ್ವರಿ, ಭಾಳ ಮೆತ್ತಗೆ. ಫೋನು ಇಟ್ಟ. ಹಣೆ ಹಣೆ ಬಡಕೊಳ್ಳಬೇಕು ಅನಿಸಿತು, ನನ್ನದಲ್ಲ, ಅವನದು.

ಗುರುವಾರ ಚೇರ್ಮನ್ನರು ಕೆಂಡದಂತಾಗಿ ಬಂದರು. ಕ್ಷೌರಕ್ಕೆ ಕೂತಾಗ ಅರ್ಧ ಗಡ್ಡದಲ್ಲೇ ಯಾರೋ ಕೇಳಿದ್ದರಂತೆ, ಸೊಸೈಟಿ ನಿಮ್ಮ ಹೆಸರಿಗೆ ಆಯಿತಂತಲ್ಲ, ಖರೇನೋ ಅಂತ. ಉಳಿದರ್ಧ ಗಡ್ಡ ಹಾಗೇ ಇತ್ತು.

"ಬಂದ್ ಮಾಡು ಅದನ್ನ! ನಂದೂ ಬ್ಯಾಡ, ಬೀರಸಿದ್ದಪ್ಪಂದೂ ಬ್ಯಾಡ. ಇಂದಿನಿಂದ ಯಾವ ಮನಶ್ಯಾನ ಹೆಸರೂ ಕೀಲಿಕೈ ಮ್ಯಾಲ ಇರಬಾರದು. ಊರ ಹೆಸರಷ್ಟ. ತಪ್ಪಿದವರ ನೌಕರಿ ತಗೀತೀನಿ, ಇದ ಸೊಸೈಟಿ ಠರಾವ ಅಂತ ತಿಳಕೋರಿ."

ಹುಕ್ಕೇರಿ ದಾರಿಗೆ ಅವತ್ತೇ ಎರಡು ತುದಿಗೂ ಊರಿನ ಹೆಸರಿನ ಕೀಲಿಕೈ ಬಿದ್ದವು. ಮೂಡಲಗಿ ದಾರಿ ನಾಳೆಗೆ ಉಳಿಯಿತು.

ಶುಕ್ರವಾರ ಬೆಳಿಗ್ಗೆ ಕಾಶಿನಾಥ ಎಂದಿಲ್ಲದ ಹಾಗೆ ಗಂಭೀರನಾಗಿ ಕೂತಿದ್ದ. ಬಗ್ಗಿ ನೋಡಿದೆ. ಸ್ಕ್ರೀನಿನ ಮೇಲೆ ದಾನೇಶ್ವರಿ ಅನ್ನುವ ಹೆಸರು, ಇಂಗ್ಲಿಷಿನ ಹತ್ತು ಅಕ್ಷರ. ಅಂದಾಜು ಏಳು ಲಕ್ಷ ವರ್ಷ.

"ಐತವಾರಕ್ಕ ಆಗೂದಿಲ್ಲ ಕಾಕಾ" ಅಂದ.

"ನಿನ್ನ ತಲಿ ನೆಟ್ಟಗ ಐತೇನು? ಚೇರ್ಮನ್ನರು ನಿನ್ನೆ ಏನ ಹೇಳ್ಯಾರ?"

"ಬಾಯಿಲೆ ಹೇಳಾಕ ನನ್ನ ಕೈಲೆ ಆಗೂದಿಲ್ರಿ. ಕೀಲಿಕೈದಾಗ ಹೇಳ್ತೀನಿ. ನಾಳೆ ಮುಂಜಾನೆ ಆಕಿ ಸ್ಕ್ರೀನ ತಗದ್ರ ಎರಡೂ ಹೆಸರ ಬಾಜೂ ಬಾಜೂ ಕಾಣಬೇಕು. ಆಕಿ ನೋಡಿದ ಮ್ಯಾಲ ಬದಲಿ ಮಾಡಿ ಊರ ಹೆಸರ ಹಾಕ್ತೀನಿ. ಯಾರಿಗೂ ತಿಳಿಯೂದಿಲ್ಲ."

ನಾನು ಬೈಯಬೇಕಿತ್ತು. ಬೈಯಲಿಲ್ಲ. ಅವನ ದನಿಯಲ್ಲಿ ಏನೋ ಇತ್ತು.

ಮನೆಯಲ್ಲಿ ಆಕೆಗೆ ದಾನು ಅನ್ನುತ್ತಾರೆ. ಒಂದು ಸಲ ಶಾಖೆಗೆ ಬುತ್ತಿ ಕೊಡಲು ಬಂದ ಆಕೆಯ ತಾಯಿ ಹಿಂದಿನಿಂದ ಕರೆದದ್ದನ್ನು ಫೋನಿನಲ್ಲಿ ಇವನು ಕೇಳಿಸಿಕೊಂಡು ಎದೆಯಲ್ಲಿ ಇಟ್ಟುಕೊಂಡಿದ್ದ. ನಾಲ್ಕೇ ಅಕ್ಷರ, ಆರು ನಿಮಿಷದ ಕೆಲಸ. ಎರಡೇ ನಿಮಿಷದಲ್ಲಿ ಬಂತು. ಕಾಶಿನಾಥ ಹಸುಳೆಯ ಮುಖ ನೋಡುವವನ ಹಾಗೆ ಆ ನಾಲ್ಕು ಅಕ್ಷರ ನೋಡಿದ.

ಇನ್ನು ಗೋಕಾಕದ ತುದಿಗೆ ಅವನ ಹೆಸರು, ಕಾಶಿ, ಐದು ಅಕ್ಷರ. ಆರು ತಾಸಿನ ಅಂದಾಜು. ಹತ್ತಕ್ಕೆ ಸುರು ಮಾಡಿದ. ಮತ್ತೆ ಅಂಕಿಗಳು ಸುರಿದವು. ಒಂದು ಗಂಟೆಗೆ ಕರೆಂಟು ಹೋಯಿತು. ಇನ್ವರ್ಟರು ಎರಡು ಸಲ ಗೊಣಗಿ ಸುಮ್ಮನಾಯಿತು, ಸ್ಕ್ರೀನು ಕಪ್ಪಾಯಿತು.

"ಅಷ್ಟೊತ್ತ ಮಾಡಿದ್ದೆಲ್ಲಾ ನೀರಾಗ ಹೋತಲ್ಲೋ!" ಅಂದೆ.

"ಹೋಗೂದೇನ ಇಲ್ರಿ. ಇದಕ್ಕ ಹಿಂದಿನ ನೆನಪ ಇರೂದಿಲ್ಲ. ಎಷ್ಟ ಕಾದ್ರೂ ಹತ್ರ ಬಂತಂತ ಅಲ್ಲ. ಬಂದ್ರ ಮುಂದಿನ ಕ್ಷಣಕ್ಕ ಬರ್ತೈತಿ, ಬರದಿದ್ರ ಬರೂದ ಇಲ್ಲ." ಹೀಗಂದು ಕತ್ತಲೆ ಸ್ಕ್ರೀನಿನಲ್ಲಿ ತನ್ನ ಮುಖವನ್ನೇ ನೋಡುತ್ತ ಕೂತ.

ಕರೆಂಟು ಎರಡೂವರೆಗೆ ಬಂತು. ಮತ್ತೆ ಮೊದಲಿನಿಂದ. ರಾಮವ್ವ ಯಾರೂ ಹೇಳದೆ ಬಂದು ಕಂಪ್ಯೂಟರಿನ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿದಳು. ಆಕೆಗೆ ಯಾರು ಹೇಳಿದ್ದರೋ, ನಾನಂತೂ ಅಲ್ಲ. ನಾಲ್ಕಾಯಿತು, ನಾಲ್ಕೂವರೆ ಆಯಿತು. ಬಾಗಿಲ ಬಿಸಿಲು ಉದ್ದಕ್ಕೆ ಚಾಚಿ ಕೌಂಟರಿನ ಕಟ್ಟೆಗೆ ಬಂತು, ಅದರಲ್ಲಿ ಧೂಳಿನ ಕಣ ಏಳುತ್ತ ಇಳಿಯುತ್ತ ಇದ್ದವು. ನಾವು ಮೂವರೂ ಅಂಕಿ ನೋಡುತ್ತ ಕೂತಿದ್ದೆವು. ಮೂಡಲಗಿ ಯಾವ ದಿಕ್ಕಿಗಿದೆಯೋ ಆ ಕಡೆಯ ಕಿಟಕಿ ತೆರೆದಿತ್ತು. ನನಗೆ ನನ್ನ ಮದುವೆ ನೆನಪಾಯಿತು, ರಾಮವ್ವನಿಗೆ ಏನು ನೆನಪಾಯಿತೋ, ಸೆರಗಿನಿಂದ ಕಣ್ಣೊರೆಸಿಕೊಂಡಳು. ಐದಕ್ಕೆ ಹತ್ತು ನಿಮಿಷವಿದ್ದಾಗ ಅಂಕಿಗಳು ನಿಂತವು. ಕೆ, ಎ, ಎಸ್, ಎಚ್, ಐ.

ಇಲ್ಲಿಂದಲೇ ಮೂಡಲಗಿ ದಾರಿಯ ಎರಡೂ ತುದಿಗೆ ಹೊಸ ಕೀಲಿಕೈ ಹಾಕಿ ಕಾಶಿನಾಥ ಮನೆಗೆ ಹೋದ. ಕಾಲು ನೆಲದ ಮೇಲೆ ಇದ್ದವೆಂದು ನಾನು ಆಣೆ ಮಾಡಿ ಹೇಳಲಾರೆ.

ಶನಿವಾರ ಒಂಬತ್ತೂಕಾಲಿಗೆ ಚೇರ್ಮನ್ ದುಂಡಪ್ಪನವರು ಕಚೇರಿಯಲ್ಲಿದ್ದರು. ಚೇರ್ಮನ್ ಆದ ಹನ್ನೊಂದು ವರ್ಷದಲ್ಲಿ ಇಷ್ಟು ಬೇಗ ಬಂದವರಲ್ಲ.

"ಬೀರಸಿದ್ದಪ್ಪ ನನ್ನ ನಂಬಾಕ ತಯಾರಿಲ್ಲ. ಒಳಗಿಂದೊಳಗ ನಾ ನನ್ನ ಹೆಸರ ಹಾಕ್ಸೇನಂತ ಊರ ತುಂಬ ಅಂತಾನ. ಇವತ್ತ ಎಲ್ಲಾರ ಮುಂದ, ಫೋನಿನಾಗ, ಮೂರೂ ಕಡೆಯವರು ಎದುರಿನ ತುದಿ ಕೀಲಿಕೈ ಓದಬೇಕು. ನಲವತ್ನಾಕೂ ಅಕ್ಷರ, ಒಂದೂ ಬಿಡದಂಗ. ಅಪ್ಪಣ್ಣಾ, ಪುಸ್ತಕ ತಗಿ, ಬರಿ."

ಕಾಶಿನಾಥ ಬಿಳಿಚಿಹೋದ. ಕೈ ಮೆಲ್ಲಗೆ ಕೀಬೋರ್ಡಿಗೆ ಹೋಯಿತು.

"ಕೈ ಮ್ಯಾಲ! ಯಾರೂ ಏನೂ ಮುಟ್ಟಬಾರದು."

"ಸಾಹೇಬ್ರ, ಮೂಡಲಗೀದು ಸೋಮವಾರ ನೋಡೂಣ್ರಿ..."

"ಇವತ್ತ."

ಫೋನಿನ ಸ್ಪೀಕರು ಹಚ್ಚಿದರು. ಮೊದಲು ಹುಕ್ಕೇರಿ. ಬೀರಸಿದ್ದಪ್ಪನವರು ಗೋಕಾಕದ ತುದಿಯ ಕೀಲಿಕೈಯನ್ನು ಕೋರ್ಟಿನಲ್ಲಿ ತೀರ್ಪು ಓದಿದ ಹಾಗೆ ಓದಿದರು. ಇಲ್ಲಿಂದ ಕಾಶಿನಾಥ ಹುಕ್ಕೇರಿಯದನ್ನು ಓದಿದ, ಅಳು ಬರುವವನ ಹಾಗೆ. ಎರಡೂ ಸರಿ. ಬೀರಸಿದ್ದಪ್ಪನವರು ಮೂಡಲಗಿಯದನ್ನೂ ಕೇಳಿಯೇ ಫೋನು ಇಡುವುದಾಗಿ ಹೇಳಿದರು. ಮೂಡಲಗಿಗೆ ಜೋಡಿಸಿದರು.

"ನಮಸ್ಕಾರ್ರಿ" ಅಂದಳು ದಾನೇಶ್ವರಿ.

"ತಂಗಿ, ನಿನ್ನ ಸ್ಕ್ರೀನಿನಾಗ ಗೋಕಾಕದ ಕೀಲಿಕೈ ಕಾಣತೈತಿಲ್ಲೋ? ಓದವಾ, ಒಂದೊಂದ ಅಕ್ಷರ."

ಆ ಕಡೆ ಆಕೆ ಕುರ್ಚಿ ಸರಿಸಿಕೊಂಡದ್ದು ಕೇಳಿಸಿತು.

"ಓದು ತಂಗಿ."

"ಸಾಹೇಬ್ರ, ಮೊದಲಿನ ಐದ ಅಕ್ಷರ ಬಿಟ್ಟ ಓದಲೇನ್ರಿ?"

"ಯಾಕ ಬಿಡ್ತಿ?"

"ಹೇಳಾಕ ಬರೂದಿಲ್ರಿ."

"ಬಿ.ಕಾಂ. ಮಾಡೀದಿ, ಇಂಗ್ಲೀಷಿನ ಐದ ಅಕ್ಷರ ಬರೂದಿಲ್ಲೇನು?"

"ಅಕ್ಷರ ಬರ್ತಾವ್ರಿ. ಹೇಳಾಕ ಬರೂದಿಲ್ರಿ."

"ಬರ್ತಾವಂತಿ, ಬರೂದಿಲ್ಲಂತಿ, ಎರಡರಾಗ ಒಂದ ಹೇಳ ಮಾರಾಯ್ತಿ!"

"ಬೈಗುಳ ಇರಬೇಕ್ರಿ!" ಹುಕ್ಕೇರಿಯಿಂದ ಬೀರಸಿದ್ದಪ್ಪನವರು ಒದರಿದರು. "ಹೆಣಮಗಳ ಬಾಯಿಲೆ ಹೇಳಬಾರದ್ದ ಏನೋ ಬರದಾರ! ಗೋಕಾಕದವರು ಕೀಲಿಕೈದಾಗ ಬೈಗುಳ ಬರದಾರ! ಅಪ್ಪಣ್ಣಾ, ಇದನ್ನ ಬರಕೋ!"

ನಾನು ಬರೆದುಕೊಳ್ಳಲಿಲ್ಲ. ಚೇರ್ಮನ್ನರು ಕಣ್ಣು ಕೆಕ್ಕರಿಸಿ ಕಾಶಿನಾಥನನ್ನು ನೋಡಿದರು. ಕಾಶಿನಾಥ ಎದ್ದು ನಿಂತ. ಎರಡು ವರ್ಷದಲ್ಲಿ ಅವನ ಬಾಯಿಂದ ಒಟ್ಟಿಗೆ ಇಷ್ಟು ಮಾತು ಬಂದದ್ದನ್ನು ನಾನು ಕೇಳಿರಲಿಲ್ಲ.

"ತಪ್ಪ ನಂದ್ರಿ ಸಾಹೇಬ್ರ. ಆ ಅಕ್ಷರ ನಾನ ಹಾಕಿದ್ದು. ಆಕೀದೇನೂ ತಪ್ಪಿಲ್ಲ. ನನಗ ಬಾಯಿಲೆ ಹೇಳಾಕ ಧೈರ್ಯ ಆಗ್ಲಿಲ್ಲ, ಅದಕ್ಕ ಹಂಗ ಮಾಡಿದ್ನಿ. ಆಕೀಗೆ ಸೇರದಿದ್ರ ಈಗಿಂದೀಗ ಬದಲಿ ಮಾಡ್ತೀನ್ರಿ. ನೌಕರಿ ಬಿಡು ಅಂದ್ರ ಬಿಡ್ತೀನ್ರಿ."

"ಬದಲಿ ಮಾಡಬ್ಯಾಡ್ರಿ!"

ಫೋನಿನಿಂದ ಬಂತು ಆ ಮಾತು, ಚಟ್ಟನೆ. ಹೇಳಿದಾಕೆಗೇ ಗಾಬರಿಯಾಗಿರಬೇಕು.

ರಾಮವ್ವ ಚಹಾದ ತಾಟು ಟೇಬಲ್ಲಿನ ಮೇಲೆ ಕುಕ್ಕಿದಳು, ಸೆರಗು ಬಾಯಿಗಿಟ್ಟುಕೊಂಡು ನಗತೊಡಗಿದಳು. "ಅಯ್ಯ ನಿಮ್ಮ ಶಾಣ್ಯಾತನಕ್ಕಿಷ್ಟು! ಸಾಹೇಬ್ರ, ನಿಮ್ಮ ಮನಿಯವರು ಲಗ್ನಾಗಿ ಬಂದ ನಲವತ್ತ ವರ್ಷ ಆತು. ಒಂದ ದಿನಾರ ನಿಮ್ಮ ಹೆಸರ ತಗೊಂಡಾರೇನ್ರಿ?"

"ಗಂಡನ ಹೆಸರ ಹೆಂಗ ತಗೋತಾಳ? ಮದವ್ಯಾಗ ಒಡಪಿನ ಪದಾ ಕಟ್ಟಿ ಒಮ್ಮೆ ಹೇಳಿದ್ಲು, ಅಷ್ಟ. ಯಾವ ಮರ್ಯಾದಸ್ತ ಹೆಣಮಗಳು ಗಂಡನ ಹೆಸರ..."

ಚೇರ್ಮನ್ನರು ಅಲ್ಲಿಗೆ ನಿಂತರು. ಕನ್ನಡಕ ಏರಿಸಿ ಕಾಶಿನಾಥನ ಸ್ಕ್ರೀನಿಗೆ ಬಗ್ಗಿ, ಬೆರಳಿಟ್ಟು ಐದು ಅಕ್ಷರ ಓದಿದರು, ತುಟಿ ಮಾತ್ರ ಅಲುಗಿತು. ಕಾಶಿನಾಥನನ್ನು ನೋಡಿದರು. ಫೋನನ್ನು ನೋಡಿದರು. ಅವರ ಮುಖದ ಸಿಟ್ಟು ಎಲ್ಲಿ ಹೋಯಿತೋ ನನಗೆ ಗೊತ್ತಾಗಲಿಲ್ಲ.

ಇಡೀ ಕಚೇರಿಯಲ್ಲಿ ತಿಳಿಯದೆ ಉಳಿದವನು ಕಾಶಿನಾಥ ಒಬ್ಬನೇ. "ಬದಲಿ ಮಾಡಬ್ಯಾಡಂದ್ರ... ಹಂಗ ಇಡೂದೇನ್ರಿ?" ಅಂದ, ನೌಕರಿ ಹೋದವನ ದನಿಯಲ್ಲಿ.

"ಲೇ ಹುಚ್ಚಾ, ಆಕಿ ಒಪ್ಪ್ಯಾಳೋ!" ಅಂದೆ. ಅವನು ಕುರ್ಚಿ ಎಲ್ಲಿದೆಯೆಂದು ನೋಡದೆ ಕೂತ, ಪುಣ್ಯಕ್ಕೆ ರಾಮವ್ವ ಹಿಂದಿನಿಂದ ಸರಿಸಿದಳು.

"ಏನಾತ್ರಿ ಅಲ್ಲೆ?" ಹುಕ್ಕೇರಿ ಕೇಳಿತು. "ಬೈಗುಳ ಅಂತ ಸಾಬೀತಾತೇನ್ರಿ?"

ಚೇರ್ಮನ್ನರು ಹುಕ್ಕೇರಿಯನ್ನು ಅಲ್ಲಿಗೇ ಬಿಟ್ಟರು. ಫೋನಿಗೆ ಬಗ್ಗಿ ಮೂಡಲಗಿಗೆ ಕೇಳಿದರು. "ತಂಗಿ, ನಿಮ್ಮಪ್ಪನ್ನ ನಾ ಬಲ್ಲೆ. ಇವತ್ತ ಮಧ್ಯಾಹ್ನ ನಾನ ಮೂಡಲಗಿಗೆ ಬಂದು ಮಾತಾಡ್ತೀನಿ. ನಾಳೆ ಬರೂ ಮಂದಿಗೆ ಬರಬ್ಯಾಡ್ರಿ ಅಂತ ಹೇಳಸ್ತೀನಿ. ನಿನ್ನ ಮನಸಿಗೆ ಬರೋಬ್ಬರಿ ಐತಿಲ್ಲೋ?"

"ಉಳದ ಮೂವತ್ತೊಂಬತ್ತ ಅಕ್ಷರ ಓದ್ತೀನ್ರಿ ಸಾಹೇಬ್ರ" ಅಂದಳು ದಾನೇಶ್ವರಿ. ಓದಿದಳು. ನಾನು ಜನ್ಮದಲ್ಲಿ ಎಷ್ಟೋ ಮಂಗಲಪದ ಕೇಳಿದ್ದೇನೆ. ಅರ್ಥವಿಲ್ಲದ ಮೂವತ್ತೊಂಬತ್ತು ಅಕ್ಷರ ಅಷ್ಟು ಇಂಪಾಗಿ ಕೇಳಿದ್ದು ಅವತ್ತೇ.

"ಸಾಹೇಬ್ರ, ಯಾವ ಮನಶ್ಯಾನ ಹೆಸರೂ ಇರಬಾರದಂತ ನೀವ ಹೇಳೀರಿ. ನಾ ಏನ ಬರೀಲಿ?" ಅಂತ ಕೇಳಿದೆ. ಕ್ಯಾಶಿಯರನಾದವನು ಕೇಳಲೇಬೇಕು.

"ಆಕಿ ಯಾರರ ಹೆಸರ ಓದಿದ್ಲೇನು?"

"ಇಲ್ರಿ."

"ಮತ್ತ? ಓದದ ಹೆಸರಿಗೆ ಯಾವ ಠರಾವ ಹತ್ತತೈತಿ? ಕಾಶಿನಾಥಾ, ಏಳಪಾ. ಇನ್ನ ನಿನ್ನ ಪಾಳೆ. ಮೂಡಲಗೀದ ಓದು. ಜೋರಾಗಿ ಓದು, ಅಲ್ಲಿಗೂ ಕೇಳಲಿ."

ಕಾಶಿನಾಥ ಎದ್ದ. ಬಾಯಿ ತೆರೆದ. ನಾನು ಕಣ್ಣು ಮುಚ್ಚಿಕೊಂಡೆ, ಎಲ್ಲಿ ಮತ್ತೆ ಲೈನ್ ಬಂತೇನ್ರಿ ಅನ್ನುತ್ತಾನೋ ಅಂತ.

"ಡಿ, ಎ, ಎನ್, ಯು" ಅಂದ. ನಿಂತ. ಮತ್ತೆ ಅಂದ. ಆ ಕಡೆ ಆಕೆ ನಕ್ಕದ್ದು ಕೇಳಿಸಿತು. ಇವನು ಮೂರನೆಯ ಸಲ ಅಂದ, ಈಗ ಗಟ್ಟಿಯಾಗಿ, ಬೀದಿಯಲ್ಲಿ ಹೋಗುವವರು ತಿರುಗಿ ನೋಡುವ ಹಾಗೆ.

"ಡಿ ಅಂದ್ರ ದುಂಡಪ್ಪ!" ಹುಕ್ಕೇರಿಯಿಂದ ಬೀರಸಿದ್ದಪ್ಪನವರು ಕೂಗಿದರು. "ನಾ ಮೊದಲ ಹೇಳಿದ್ನಿ!"

ಚೇರ್ಮನ್ನರು ಹುಕ್ಕೇರಿಯ ಲೈನು ಕತ್ತರಿಸಿದರು. ನಾನು ಪುಸ್ತಕದಲ್ಲಿ ಹೀಗೆ ಬರೆದು ಅವರ ಸಹಿ ತೆಗೆದುಕೊಂಡೆ: ಗೋಕಾಕದ ಕೀಲಿಕೈ, ಮೊದಲಿನ ಐದು ಅಕ್ಷರ ಓದಲಿಲ್ಲ. ಮೂಡಲಗಿಯ ಕೀಲಿಕೈ, ಮೊದಲಿನ ನಾಲ್ಕು ಅಕ್ಷರ ಮೂರು ಸಲ ಓದಿದರು. ಎರಡೂ ಬರೋಬ್ಬರಿ ಇವೆ.